ಬೆಳೆಯೋ ಮಡಿಕೆ

ಮೂರನೆಯ ಪ್ಯಾಂಟಿನ ಎಡಗಾಲಿನ ಅಂಚು ಮುಗಿಸಿ, ದಾರವನ್ನು ಹಲ್ಲಿನಲ್ಲಿ ಕಚ್ಚಿ ತುಂಡು ಮಾಡಿ, ಅವಳು ಬಲಗಾಲನ್ನು ಮಡಿಲಿಗೆ ಎಳೆದುಕೊಂಡಳು. ಕತ್ತರಿ ಕೈಗೆ ಸಿಗುವಷ್ಟು ಹತ್ತಿರವೇ ಇತ್ತು. ಆದರೂ ಹದಿನಾರು ವರ್ಷದಿಂದ ಕಚ್ಚಿಯೇ ಅಭ್ಯಾಸ. ಮುಂದಿನ ಹಲ್ಲಿನ ತುದಿಯಲ್ಲಿ ದಾರ ಕೂರುವಷ್ಟೇ ಒಂದು ಸಣ್ಣ ಕಚ್ಚು ಬಿದ್ದಿತ್ತು.

ಬಟ್ಟೆ ಸಣ್ಣದು ದೊಡ್ಡದು ಮಾಡಿಕೊಡುವ ಆ ಅಂಗಡಿ ರಸ್ತೆಯ ಮಟ್ಟಕ್ಕಿಂತ ಅರ್ಧ ಮಹಡಿ ಕೆಳಗಿತ್ತು. ಆರು ಮೆಟ್ಟಿಲು ಇಳಿದು ಬರಬೇಕು. ಮೇಲೆ ಸೂರಿಗೆ ಹತ್ತಿಕೊಂಡಂತೆ ಒಂದು ಉದ್ದನೆಯ ಕಿಟಕಿ. ಅದರಲ್ಲಿ ಕಾಣುವುದು ಫುಟ್‌ಪಾತಿನ ಮೇಲೆ ನಡೆಯುವವರ ಮಂಡಿಯಿಂದ ಕೆಳಗಿನ ಕಾಲು ಮಾತ್ರ. ಯಾರ ಪ್ಯಾಂಟು ನೆಲ ಒರೆಸುತ್ತಿದೆ, ಯಾರ ಅಂಚು ಬಿಚ್ಚಿ ದಾರ ಜೋಲುತ್ತಿದೆ ಎಂದು ಅವಳು ಕೂತಲ್ಲಿಂದಲೇ ಹೇಳಬಲ್ಲಳು. ಆ ಕಿಟಕಿ ಅವಳಿಗೆ ಇಷ್ಟ. ಅದರಲ್ಲಿ ಎಲ್ಲರೂ ಒಂದೇ ಎತ್ತರ.

"ಏನೇ ಇವತ್ತು, ಮುಖಕ್ಕೆ ಟ್ಯೂಬ್‌ಲೈಟ್ ಹಾಕ್ಕೊಂಡು ಬಂದಿದ್ದೀಯ?" ಎದುರಿನ ಸ್ಟೂಲಿನಿಂದ ಗುಂಡಿಯಕ್ಕ ಕೇಳಿದಳು. ಅಂಗಡಿಯಲ್ಲಿ ಗುಂಡಿ ಹಚ್ಚುವ ಕೆಲಸ ಅವಳದ್ದು, ಆಕಾರವೂ ಗುಂಡಗೆ. ಯಾವ ಕಾರಣಕ್ಕೆ ಆ ಹೆಸರು ಬಂತೆಂದು ಕೇಳಿದರೆ, "ಎರಡಕ್ಕೂ. ಒಂದು ಹೆಸರಲ್ಲಿ ಎರಡು ಕೆಲಸ ಮುಗೀತು" ಎನ್ನುತ್ತಿದ್ದಳು.

"ನಮ್ಮ ಚುಕ್ಕಿದು ಸ್ಕರ್ಟು ಗಿಡ್ಡ ಆಗಿದೆ ಅಕ್ಕಾ."

"ಅದಕ್ಕೆ ಹಲ್ಲು ಕಿರೀತಾ ಇದೀಯ? ನನ್ನ ಮಗಂದು ಪ್ಯಾಂಟು ಗಿಡ್ಡ ಆದಾಗೆಲ್ಲ ನಾನು ತಲೆ ಮೇಲೆ ಕೈ ಹೊತ್ತು ಕೂತ್ಕೋತೀನಿ..." ಎಂದವಳು ಅಷ್ಟರಲ್ಲೇ ನೆನಪಾಗಿ ಸೂಜಿ ನಿಲ್ಲಿಸಿದಳು. "ಅಯ್ಯೋ ನನ್ನ ಬಾಯಿಗೆ! ನಿಜವಾಗ್ಲೂ? ಎಷ್ಟು?"

"ಒಂದಿಂಚಾದ್ರೂ ಇರ್ಬೇಕು. ಇವತ್ತು ಬೆಳಿಗ್ಗೆ ಸ್ಕೂಲಿಗೆ ಹೊರಟು ನಿಂತ್ಲು. 'ಅಮ್ಮ, ನೋಡು, ಸ್ಕರ್ಟ್ ಮೇಲೆ ಹೋಗಿದೆ' ಅಂದ್ಲು. ನೋಡಿದ್ರೆ ಮಂಡಿ ಕಾಣ್ತಿದೆ. ಬಿಚ್ಚಿಸಿ, ಬೇರೇದು ಹಾಕಿ ಕಳಿಸ್ದೆ. ಚೀಲದಲ್ಲಿದೆ. ಊಟದ ಹೊತ್ತಿಗೆ ಮಡಿಕೆ ಬಿಚ್ತೀನಿ."

"ಬೆಳೆಯೋ ಮಡಿಕೆ!" ಎಂದು ಗುಂಡಿಯಕ್ಕ ಎರಡೂ ಕೈ ಎತ್ತಿದಳು.

ಅದು ಅಂಗಡಿಯ ಮಾತು. ಮಕ್ಕಳ ಬಟ್ಟೆ ಹೊಲಿಸಲು ಬರುವ ಪ್ರತಿ ತಾಯಿಯೂ ಕಡೆಗೆ ಒಂದು ಮಾತು ಹೇಳಿಯೇ ಹೋಗುತ್ತಿದ್ದಳು: ಬೆಳೆಯೋ ಮಕ್ಕಳು, ಒಂಚೂರು ಒಳಗೆ ಬಿಡಿ. ಅಂಚಿನಲ್ಲಿ ಎರಡು ಬೆರಳಗಲ ಬಟ್ಟೆ ಒಳಕ್ಕೆ ಮಡಿಸಿ, ಕೈಹೊಲಿಗೆ ಹಾಕಿ ಬಿಡುವುದು. ಮಗು ಉದ್ದವಾದಾಗ ಬಿಚ್ಚಿ ಇಳಿಸುವುದು. ಮೂರು ವರ್ಷದ ಹಿಂದೆ ಮಗಳಿಗೆ ಈ ಸ್ಕರ್ಟ್ ಹೊಲಿದಾಗ ಅವಳು ಎರಡಲ್ಲ, ನಾಲ್ಕು ಬೆರಳು ಬಿಟ್ಟಿದ್ದಳು. ಸೊಂಟದ ಎಲಾಸ್ಟಿಕ್ ಎರಡು ಸಲ ಬದಲಾಯಿತು. ಕೆಳಗಿನ ಮಡಿಕೆ ಹಾಗೇ ಇತ್ತು.

ಚುಕ್ಕಿಗೆ ಹನ್ನೊಂದು ತುಂಬಿ ಏಳು ತಿಂಗಳು. ನೋಡಿದವರು ಎಂಟು ಎನ್ನುತ್ತಿದ್ದರು. ಆರು ತಿಂಗಳ ಹಿಂದೆ ದೊಡ್ಡ ಆಸ್ಪತ್ರೆಯ ಡಾಕ್ಟರಮ್ಮ ಕಾಗದದ ಮೇಲೆ ಒಂದು ತಲೆ ಬರೆದು, ಅದರ ನಡುವೆ ಚುಕ್ಕೆ ಇಟ್ಟು ವಿವರಿಸಿದ್ದರು. "ಇಲ್ಲಿ ಬಟಾಣಿ ಕಾಳಿನಷ್ಟು ಒಂದು ಗ್ರಂಥಿ ಇದೆ. ಬೆಳೆಸೋ ಹಾರ್ಮೋನು ಅದರೊಳಗಿದೆ. ಆದ್ರೆ ಇವಳದ್ದು ಸರಿಯಾಗಿ ಹೊರಗೆ ಬಿಡ್ತಾ ಇಲ್ಲ. ಹಾಗಂತ ತೀರಾ ಕಡಿಮೆನೂ ಇಲ್ಲ, ಗಡಿಯಲ್ಲಿದೆ. ಮಾಮೂಲಿ ಹಾರ್ಮೋನು ಇಂಜೆಕ್ಷನ್ ಬರೆದುಕೊಡೋಕೆ ಬರಲ್ಲ. ಆದ್ರೆ ನಾವೊಂದು ಹೊಸ ಪೆಪ್ಟೈಡ್ ಪರೀಕ್ಷೆ ಮಾಡ್ತಿದ್ದೀವಿ. ಪ್ರೋಟೀನಿನ ಸಣ್ಣ ತುಣುಕು ಅಂದ್ಕೊಳ್ಳಿ. ಅದು ಹೋಗಿ ಬಾಗಿಲು ತಟ್ಟುತ್ತೆ, ಒಳಗಿರೋದನ್ನ ಬಿಡು ಅನ್ನುತ್ತೆ. ಇನ್ನೂ ಔಷಧಿ ಅಂತ ಕರೆಯೋ ಹಾಗಿಲ್ಲ."

ಅದಕ್ಕೆ ಹೆಸರೂ ಇರಲಿಲ್ಲ. ಸೀಸೆಯ ಮೇಲೆ ಎರಡು ಅಕ್ಷರ, ನಾಲ್ಕು ಅಂಕಿ. ಮನೆಯಲ್ಲಿ ಎಲ್ಲರೂ ಅದನ್ನು 'ನಂಬರ್' ಎಂದರು. ದಿನಾ ಸಂಜೆ ಏಳೂವರೆಗೆ, ಊಟಕ್ಕೆ ಮೊದಲು, ಹೊಟ್ಟೆಯ ಚರ್ಮಕ್ಕೆ. ಒಂದು ವರ್ಷ. ಪರೀಕ್ಷೆಗೆ ಬಂದ ಮಕ್ಕಳಲ್ಲಿ ಅರ್ಧ ಮಂದಿಗೆ ಬರೀ ಉಪ್ಪುನೀರು ಹೋಗುತ್ತದೆ, ಯಾರಿಗೆ ಯಾವುದು ಎಂದು ಕೊಡುವವರಿಗೂ ಗೊತ್ತಿರುವುದಿಲ್ಲ ಎಂದಾಗ ಅವಳ ಅತ್ತೆ, "ಉಪ್ಪುನೀರಿಗೆ ಆಸ್ಪತ್ರೆ ಯಾಕೆ, ಅಡುಗೆಮನೆಯಲ್ಲೇ ಇದೆಯಲ್ಲ" ಎಂದಿದ್ದಳು. ಆದರೆ ಚುಚ್ಚಿದ ಮೇಲೆ ಚುಕ್ಕಿಯ ಮುಖ ಹತ್ತು ನಿಮಿಷ ಕೆಂಪಾಗುತ್ತಿತ್ತು, ಕಿವಿ ಬಿಸಿಯಾಗುತ್ತಿತ್ತು. ಆ ಕೆಂಪು ನೋಡಿ ಅವಳು ಒಳಗೊಳಗೇ ಹಿಗ್ಗುತ್ತಿದ್ದಳು. ಉಪ್ಪುನೀರಿಗೆ ಯಾರ ಕಿವಿಯೂ ಬಿಸಿಯಾಗುವುದಿಲ್ಲ.

ಮೂರನೇ ತಿಂಗಳಿಗೆ ಅಳತೆ ತೆಗೆಯುವ ನರ್ಸು ಚುಕ್ಕಿಯನ್ನು ಮೂರು ಸಲ ಗೋಡೆಗೆ ನಿಲ್ಲಿಸಿ, ಮೂರು ಸಲ ಹಲಗೆ ತಲೆಗೆ ಇಳಿಸಿ, "ಒಂದು ಸೆಂಟಿಮೀಟರ್ ಹತ್ತಿರ. ಇಷ್ಟಕ್ಕೆ ಏನೂ ಹೇಳೋಕಾಗಲ್ಲ" ಎಂದಿದ್ದಳು. ಮನೆಯ ಬಾಗಿಲ ಚೌಕಟ್ಟಿನ ಮೇಲೆ ದಿನಾ ಪೆನ್ಸಿಲ್ ಗೆರೆ ಎಳೆಯುತ್ತಾರೆಂದು ತಿಳಿದು ಗದರಿಯೂ ಇದ್ದಳು. "ಅದೆಲ್ಲ ಬೇಡ. ಮಗು ಗೋಡೆ ಕಂಡ್ರೆ ಹೆದರೋ ಹಾಗಾಗುತ್ತೆ." ಅಂದಿನಿಂದ ಮನೆಯಲ್ಲಿ ಅಳೆಯುವುದನ್ನು ಬಿಟ್ಟಿದ್ದರು. ಸೋಮವಾರ ಆರು ತಿಂಗಳ ಭೇಟಿ. ಅದಕ್ಕೆ ಮೂರು ದಿನ ಮೊದಲು ಸ್ಕರ್ಟೇ ಹೇಳಿಬಿಟ್ಟಿತ್ತು.

ಬೆಳಿಗ್ಗೆ ಗಂಡನಿಗೂ ಫೋನ್ ಮಾಡಿ ಹೇಳಿದ್ದಳು. ಅವನು ಲಿಫ್ಟ್ ರಿಪೇರಿ ಮಾಡುವವನು, ಯಾವುದೋ ಕಟ್ಟಡದಲ್ಲಿ ಲಿಫ್ಟಿನ ಅಡಿಯ ಹೊಂಡದೊಳಗೆ ನಿಂತಿದ್ದ. ಧ್ವನಿ ಬಾವಿಯಿಂದ ಬಂದ ಹಾಗೆ ಕೇಳಿಸಿತು. "ನಾನು ಹೇಳಿಲ್ವಾ! ಊರವರನ್ನೆಲ್ಲ ಮೇಲೆ ಹತ್ತಿಸೋನು, ನನ್ನ ಮಗಳನ್ನ ಬಿಡ್ತೀನಾ?"

ಒಂದೂವರೆಗೆ ಗುಂಡಿಯಕ್ಕ ತನ್ನ ಊಟದ ಡಬ್ಬಿ ತೆರೆದಳು. ಇವಳು ತನ್ನ ಡಬ್ಬಿ ಪಕ್ಕಕ್ಕಿಟ್ಟು ಚೀಲದಿಂದ ಸ್ಕರ್ಟ್ ತೆಗೆದು, ಒಳಮಗ್ಗುಲು ಮಾಡಿ ಮಂಡಿಯ ಮೇಲೆ ಹರಡಿಕೊಂಡಳು. ಹೊಲಿಗೆ ಬಿಚ್ಚುವ ಕೊಕ್ಕೆಯನ್ನು ಮೊದಲ ಎಳೆಯ ಕೆಳಗೆ ತೂರಿಸಿದಳು.

ಕೈ ಅಲ್ಲೇ ನಿಂತಿತು.

ದಾರ ಕಪ್ಪಗಿತ್ತು. ಈ ಸ್ಕರ್ಟಿಗೆ ಅವಳು ಹಾಕಿದ್ದು ಗಾಢ ನೀಲಿ. ಬೇರೆಯವರಿಗೆ ಎರಡೂ ಒಂದೇ. ಅವಳಿಗೆ ಅದು ಹಗಲು ರಾತ್ರಿಯಷ್ಟು ಬೇರೆ. ಇನ್ನಷ್ಟು ಹತ್ತಿರ ಹಿಡಿದಳು. ಹೊಲಿಗೆಯ ಎಳೆಗಳು ವಾಲಿದ್ದವು, ಆದರೆ ವಾಲಬೇಕಾದ ಕಡೆಗಲ್ಲ. ಅವಳ ಹೊಲಿಗೆ ಬಲಕ್ಕೆ ವಾಲುತ್ತದೆ. ಇದು ಎಡಕ್ಕೆ ವಾಲಿತ್ತು, ಕನ್ನಡಿಯಲ್ಲಿ ನೋಡಿದ ಹಾಗೆ. ಕಳೆದ ರಜೆಯಲ್ಲಿ ಎಡಗೈಯಲ್ಲಿ ಸೂಜಿ ಹಿಡಿಯುವ ಮಗಳಿಗೆ ಅಂಚು ಹೊಲಿಯಲು ಕಲಿಸುವುದು ಹೇಗೆಂದು ತಿಳಿಯದೆ, ಅವಳು ಎದುರಿಗೆ ಕೂತು, "ನಾನು ಮಾಡಿದ್ದನ್ನ ಕನ್ನಡಿ ಥರ ಮಾಡು" ಎಂದಿದ್ದಳು.

ಒಂದೊಂದೇ ಎಳೆ ಕತ್ತರಿಸಿದಳು. ಒಂದಿಂಚಿನ ಮಡಿಕೆ ಬಿಚ್ಚಿ ಕೆಳಗೆ ಬಿತ್ತು. ಅದರ ಅಡಿಯಲ್ಲಿ ಅವಳ ಸ್ವಂತ ಅಂಚು, ನಾಲ್ಕು ಬೆರಳ ಮಡಿಕೆ, ನೀಲಿ ದಾರ, ಮೂರು ವರ್ಷದ ಹಿಂದೆ ಇದ್ದಲ್ಲೇ, ಒಂದು ಎಳೆಯೂ ಅಲುಗದೆ ಇತ್ತು.

ಚುಕ್ಕಿ ಬೆಳೆದಿರಲಿಲ್ಲ. ಸ್ಕರ್ಟನ್ನು ಮಡಿಸಿದ್ದಳು.

ಭಾನುವಾರ ಇಸ್ತ್ರಿಪೆಟ್ಟಿಗೆ ಕೇಳಿದ್ದು ನೆನಪಾಯಿತು. "ನನ್ನ ಯೂನಿಫಾರ್ಮ್ ನಾನೇ ಮಾಡ್ಕೋತೀನಿ" ಎಂದಾಗ ಅತ್ತೆ, "ನೋಡೇ, ನಿನಗಿಂತ ಚುರುಕು" ಎಂದು ಹೊಗಳಿದ್ದಳು. ಮಡಿಕೆಯ ಗೆರೆ ಚೂಪಾಗಿ ಕೂತಿತ್ತು. ಒಳ್ಳೆಯ ಕೆಲಸ. ಒಂದು ಕಡೆ ಮಾತ್ರ ಸಾಸಿವೆ ಕಾಳಿನಷ್ಟು ಒಂದು ಕಂದು ಕಲೆ. ಬೆರಳಿಗೆ ಸೂಜಿ ತಾಗಿ ಬಟ್ಟೆಗೆ ಒರೆಸಿಕೊಂಡದ್ದು.

"ಎಷ್ಟು ಬಿಚ್ಚಿದೆ?" ಬಾಯಲ್ಲಿ ತುತ್ತಿಟ್ಟುಕೊಂಡೇ ಗುಂಡಿಯಕ್ಕ ಕೇಳಿದಳು.

"ಒಂದಿಂಚು."

"ಸ್ವೀಟು ಕೊಡಿಸಬೇಕು ನೀನು, ಹಾಗೆಲ್ಲ ಬಿಡಲ್ಲ."

"ಕೊಡಿಸ್ತೀನಿ ಅಕ್ಕಾ."

ಮೊದಲು ಬಂದದ್ದು ಸಿಟ್ಟು. ಮನೆಗೆ ಹೋಗಿ ಕಿವಿ ಹಿಂಡಬೇಕು ಅನ್ನಿಸುವಷ್ಟು. ಗಂಡನಿಗೆ ಏನು ಹೇಳುವುದು, ಅವನು ಈಗಾಗಲೇ ಎಷ್ಟು ಜನಕ್ಕೆ ಹೇಳಿರುತ್ತಾನೋ. ಆಮೇಲೆ, ಬಿಚ್ಚಿದ ಕಪ್ಪು ದಾರದ ತುಂಡುಗಳನ್ನು ಮಡಿಲಿನಿಂದ ಹೆಕ್ಕುತ್ತಿದ್ದಾಗ, ಆ ಸಂಜೆ ನೆನಪಾಯಿತು.

ಸೂಜಿ ಶುರುವಾದ ಎರಡನೇ ವಾರ. ಏಳೂವರೆಯಾಗುತ್ತಲೇ ಚುಕ್ಕಿ ಬೀರುವಿನ ಹಿಂದೆ ಸೇರಿಕೊಳ್ಳುತ್ತಿದ್ದಳು. ಅಜ್ಜಿ ಪುಸಲಾಯಿಸಬೇಕು, ಅಪ್ಪ ಎತ್ತಿ ತರಬೇಕು. ಅಂದು ತಾನು ಅಂಗಡಿಯಿಂದ ದಣಿದು ಬಂದಿದ್ದಳು. "ಎಲ್ಲೀತನಕ ಅಮ್ಮ? ಎಲ್ಲೀತನಕ?" ಎಂದು ಹುಡುಗಿ ಬೀರುವಿನ ಸಂದಿಯಿಂದ ಅಳುತ್ತಿದ್ದರೆ, ಅವಳು ಗೂಟದಲ್ಲಿ ತೂಗುತ್ತಿದ್ದ ಈ ಸ್ಕರ್ಟನ್ನೇ ಎಳೆದು ಅಂಚು ತಿರುವಿ ಮುಖಕ್ಕೆ ಹಿಡಿದಿದ್ದಳು.

"ನೋಡಿಲ್ಲಿ. ಈ ಮಡಿಕೆ ನಾನು ಬಿಚ್ಚೋ ದಿನ ಸೂಜಿನೂ ನಿಲ್ಲಿಸ್ತೀನಿ. ಸಾಕಾ?"

"ಸತ್ಯ?"

"ಸತ್ಯ ಕಣೇ, ಬಾ ಈಚೆಗೆ."

ಮಾರನೇ ದಿನದಿಂದ ಚುಕ್ಕಿ ಬಚ್ಚಿಟ್ಟುಕೊಳ್ಳಲಿಲ್ಲ. ತಾನಾಗಿ ಬಂದು ಮಲಗಿ, ಅಂಗಿ ಎತ್ತಿ, ಫ್ಯಾನು ನೋಡುತ್ತಿದ್ದಳು. ಮಗು ಗಟ್ಟಿಯಾಯಿತು ಎಂದು ಅವಳು ನಾಲ್ಕು ಜನರ ಹತ್ತಿರ ಹೇಳಿಕೊಂಡಿದ್ದಳು. ಆ ಮಾತನ್ನು ತಾನು ಮರೆತೇಬಿಟ್ಟಿದ್ದಳು. ಚುಕ್ಕಿ ಐದೂವರೆ ತಿಂಗಳು ಅದನ್ನು ಹಿಡಿದುಕೊಂಡು ಮಲಗಿದ್ದಳು. ಮಡಿಕೆ ತಾನಾಗಿ ಬಿಚ್ಚಿಕೊಳ್ಳುವ ಲಕ್ಷಣ ಕಾಣದಾಗ, ಬಿಚ್ಚಲೇಬೇಕಾಗುವ ಹಾಗೆ ಇನ್ನೊಂದು ಮಡಿಕೆ ಹಾಕಿದ್ದಳು.

ಕಿಟಕಿಯಲ್ಲಿ ಕಾಲುಗಳು ಹೋಗುತ್ತಿದ್ದವು. ಅವಳು ನೋಡುತ್ತ ಕೂತಳು.

ಸೂಜಿ ಯಾರಿಗೆ ಬೇಕಿತ್ತು? ತಾನು ಶಾಲೆಗೆ ಹೋಗುವಾಗ ತನ್ನನ್ನು ಪೆನ್ಸಿಲ್ ತುಂಡು ಎನ್ನುತ್ತಿದ್ದರು. ಅಂಗಡಿಗಳಲ್ಲಿ ಕೌಂಟರಿನ ಆಚೆಯವರು ಅವಳ ತಲೆಯ ಮೇಲಿಂದ ಹಿಂದಿನವರನ್ನು ಮಾತಾಡಿಸುತ್ತಿದ್ದರು. ಮದುವೆಯ ಫೋಟೋ ತೆಗೆಯುವಾಗ ಫೋಟೋದವನು ಒಂದು ಮರದ ಪೆಟ್ಟಿಗೆ ತಂದು, "ಹತ್ತಿ ನಿಂತ್ಕೊಳ್ಳಿ, ಸೀರೆ ಇಳಿಬಿಟ್ರೆ ಕಾಣಲ್ಲ" ಎಂದಿದ್ದ. ಎಲ್ಲರೂ ನಕ್ಕಿದ್ದರು, ಅವಳೂ ನಕ್ಕಿದ್ದಳು. ಆ ಫೋಟೋ ನಡುಮನೆಯ ಗೋಡೆಯ ಮೇಲಿದೆ. ಅದರಲ್ಲಿ ಅವಳು ಗಂಡನ ಕಿವಿಯವರೆಗೆ ಬರುತ್ತಾಳೆ, ಹೊರಗೆ ಎದೆಯವರೆಗೆ. ಹದಿಮೂರು ವರ್ಷದಿಂದ ದಿನಾ ಅದರ ಧೂಳು ಒರೆಸುತ್ತಾ ಒಂದೇ ಯೋಚನೆ: ನನ್ನ ಮಗಳು ಪೆಟ್ಟಿಗೆ ಹತ್ತಬಾರದು.

ಚುಕ್ಕಿ ಮಾತ್ರ ತನ್ನ ಎತ್ತರದ ಬಗ್ಗೆ ಅತ್ತದ್ದನ್ನು ಅವಳು ಕಂಡಿರಲಿಲ್ಲ. ತರಗತಿಯ ಫೋಟೋದಲ್ಲಿ ಮುಂದಿನ ಸಾಲಿನಲ್ಲಿ ಹಲಗೆ ಹಿಡಿದು ಕೂತದ್ದನ್ನು ತಂದು ತೋರಿಸಿ, "ನಂದೊಂದೇ ನೋಡು ಪೂರ್ತಿ ಕಾಣೋದು. ಹಿಂದಿನವರಿಗೆ ಬರೀ ತಲೆ" ಎಂದಿದ್ದಳು.

ಅವಳನ್ನು ಯಾರೂ ಕೇಳಲಿಲ್ಲವೆಂದಲ್ಲ. ಕಾಗದ ಕೇಳಿತ್ತು. ಆಸ್ಪತ್ರೆಯವರು ಮಕ್ಕಳಿಗೆಂದೇ ಬೇರೆ ಒಂದು ಹಾಳೆ ಕೊಟ್ಟಿದ್ದರು, ದಪ್ಪ ಅಕ್ಷರ, ಮೂಲೆಯಲ್ಲಿ ನಗುವ ಸೂರ್ಯ. ಕೆಳಗೆ ಎರಡು ಚೌಕ: ನನಗೆ ಇಷ್ಟ ಇದೆ, ನನಗೆ ಇಷ್ಟ ಇಲ್ಲ. ಚುಕ್ಕಿ ಪೆನ್ನು ಹಿಡಿದು, "ಇಷ್ಟ ಇಲ್ಲ ಅಂತ ಹಾಕಿದ್ರೆ ಏನಾಗುತ್ತೆ?" ಎಂದಿದ್ದಳು. ಡಾಕ್ಟರಮ್ಮ ಫೋನಿನಲ್ಲಿದ್ದರು. ಅವಳು ಮಗಳ ಮೊಣಕೈ ಮುಟ್ಟಿ ಮೆಲ್ಲಗೆ ಹೇಳಿದ್ದಳು, "ಹಾಗೆ ಹಾಕಬಾರದು ಚಿನ್ನ." ಚುಕ್ಕಿ ಎಡಗೈಯಲ್ಲಿ, ಅಚ್ಚುಕಟ್ಟಾಗಿ, ಮೊದಲನೇ ಚೌಕದಲ್ಲಿ ಗೀಟು ಹಾಕಿದ್ದಳು.

ದೊಡ್ಡವರ ಹಾಳೆಗಳು ಹನ್ನೆರಡು. ಎಲ್ಲದಕ್ಕೂ ತಾನೇ ಸಹಿ ಹಾಕಿದ್ದಳು. ಅದರಲ್ಲಿ ಒಂದು ಸಾಲನ್ನು ಡಾಕ್ಟರಮ್ಮ ಬೆರಳಿಟ್ಟು ಓದಿದ್ದರು: ಯಾವಾಗ ಬೇಕಾದರೂ, ಕಾರಣ ಹೇಳದೆ, ಹಿಂದೆ ಸರಿಯಬಹುದು. ಕಾರಣ ಹೇಳದೆ ಎನ್ನುವುದು ಆಗಲೇ ಅವಳಿಗೆ ವಿಚಿತ್ರವಾಗಿ ಕೇಳಿಸಿತ್ತು. ಅಂಗಡಿಯಿಂದ ಹತ್ತು ನಿಮಿಷ ತಡವಾದರೂ ಕಾರಣ ಬೇಕು, ಸಾರಿಗೆ ಉಪ್ಪು ಹೆಚ್ಚಾದರೂ ಬೇಕು. ಕಾರಣವಿಲ್ಲದೆ ಅವಳು ಒಂದು ಮಧ್ಯಾಹ್ನ ಮಲಗಿದ್ದೂ ಇಲ್ಲ.

ಡಾಕ್ಟರಮ್ಮ ಇನ್ನೊಂದು ಮಾತೂ ಹೇಳಿದ್ದರು. ಮೂಳೆಯ ತುದಿಗಳು ಇನ್ನೂ ತೆರೆದಿವೆ. ಎರಡು ಮೂರು ವರ್ಷ. ಅವು ಮುಚ್ಚಿಕೊಂಡ ಮೇಲೆ ಯಾವ ಔಷಧಿಯೂ ಏನೂ ಮಾಡಲಾರದು. ಇವತ್ತು ನಿಲ್ಲಿಸಿದರೆ, ಇಪ್ಪತ್ತರ ಚುಕ್ಕಿ ಯಾವುದೋ ಕೌಂಟರಿನ ಮುಂದೆ ನಿಂತು ಮನೆಗೆ ಬಂದು, "ಯಾಕಮ್ಮ ಬಿಟ್ಟೆ? ನಾನು ಚಿಕ್ಕೋಳು, ಅಳ್ತಿದ್ದೆ. ನೀನು ಯಾಕೆ ಕೇಳಿಸ್ಕೊಂಡೆ?" ಎಂದರೆ? ಈ ಪ್ರಶ್ನೆ ಒಂದಲ್ಲ ಒಂದು ದಿನ ಬಂದೇ ಬರುತ್ತದೆ ಎಂದು ಅನ್ನಿಸಿತು.

ಅಷ್ಟರಲ್ಲಿ ಅವಳ ಕೈ ತನ್ನ ಪಾಡಿಗೆ ಕೊಕ್ಕೆ ಎತ್ತಿಕೊಂಡು ನೀಲಿ ದಾರ ಕತ್ತರಿಸತೊಡಗಿತ್ತು. ಎಳೆ ಎಳೆಯಾಗಿ ಇಡೀ ಸುತ್ತು. ನಾಲ್ಕು ಬೆರಳ ಬಟ್ಟೆ ಕೆಳಗೆ ಇಳಿಯಿತು. ಮೂರು ವರ್ಷ ಬಿಸಿಲು ಕಾಣದ ಆ ಪಟ್ಟಿ ಅಂಗಡಿಯಿಂದ ಈಗ ತಂದಷ್ಟು ಗಾಢವಾಗಿತ್ತು. ಮೇಲಿನದೆಲ್ಲ ಒಗೆದು ಒಗೆದು ಬಿಳಿಚಿಕೊಂಡಿತ್ತು. ಎರಡು ಬೆರಳು ಮಾತ್ರ ಒಳಗೆ ಮಡಿಸಿ ಹೊಸ ಅಂಚು ಹಾಕಿದಳು. ಡಬ್ಬಿ ತೆರೆಯಲೇ ಇಲ್ಲ.

ಸಂಜೆ ಮನೆಯ ಬಾಗಿಲು ತೆಗೆದ ಅತ್ತೆ, "ಬಂದ್ಲು ನೋಡು ಜಿರಾಫೆ ತಾಯಿ" ಎಂದಳು. "ನಿನ್ನ ಗಂಡ ಫೋನ್ ಮಾಡಿ ನನ್ನ ಕಿವಿ ತೂತು ಮಾಡ್ದ. ಆ ನಂಬರ್ ನನಗೂ ಒಂದು ಚುಚ್ಚೇ, ಬೆನ್ನಾದ್ರೂ ನೆಟ್ಟಗಾಗ್ಲಿ."

ಚುಕ್ಕಿ ಮೇಜಿನ ಮೇಲೆ ಪುಸ್ತಕ ಹರಡಿಕೊಂಡಿದ್ದಳು. ಪುಸ್ತಕ ನೋಡುತ್ತಿರಲಿಲ್ಲ. ತಾಯಿಯ ಚೀಲ ನೋಡುತ್ತಿದ್ದಳು.

"ಬಿಚ್ಚಿದ್ಯಾ ಅಮ್ಮ?"

"ಬಿಚ್ಚಿದೆ. ಹಾಕ್ಕೊಂಡು ನೋಡು."

ಸ್ಕರ್ಟ್ ಹಾಕಿಕೊಂಡು ಬಂದಾಗ ಅಂಚು ಮಂಡಿ ದಾಟಿ ಮೀನಖಂಡದ ಹತ್ತಿರ ಬಂದಿತ್ತು. ಬಿಳಿಚಿದ ನೀಲಿಯ ಕೆಳಗೆ ಗಾಢ ನೀಲಿಯ ಪಟ್ಟಿ, ಬೇರೆ ಯಾರದೋ ಬಟ್ಟೆ ಜೋಡಿಸಿದ ಹಾಗೆ.

"ಇದೇನೇ, ನೆಲ ಗುಡಿಸ್ತಾಳಲ್ಲ ಇವಳು! ಒಂದಿಂಚು ಬೆಳೆದ್ರೆ ಎರಡಿಂಚು ಬಿಟ್ಟಿದ್ದೀಯ?" ಎಂದಳು ಅತ್ತೆ.

"ಇರ್ಲಿ ಬಿಡಿ ಅತ್ತೆ. ಮತ್ತೆ ಮತ್ತೆ ಬಿಚ್ಚೋದು ಯಾರು."

ಚುಕ್ಕಿ ಬಗ್ಗಿ ಅಂಚನ್ನು ತಿರುವಿದಳು. ಬೆರಳ ತುದಿಯಿಂದ ಹೊಲಿಗೆಯ ಉದ್ದಕ್ಕೂ ಸವರುತ್ತ ಹೋದಳು. ಕಲೆಯಿದ್ದ ಜಾಗಕ್ಕೆ ಬಂದು ನಿಲ್ಲಿಸಿದಳು. ತಾಯಿ ಅದನ್ನು ಸೋಪು ಹಚ್ಚಿ ತೆಗೆದಿದ್ದಳು, ಅಲ್ಲಿ ಇನ್ನೂ ಒಂಚೂರು ಒದ್ದೆ ಇತ್ತು. ಹುಡುಗಿ ತಲೆ ಎತ್ತಲಿಲ್ಲ. ಕಿವಿ ಮಾತ್ರ ಕೆಂಪಾಗಿತ್ತು, ಸೂಜಿ ಚುಚ್ಚುವ ಮೊದಲೇ.

ಏಳೂವರೆಗೆ ಗಂಡ ನಡುಮನೆಯಲ್ಲಿ ಟಿವಿಯ ಮುಂದೆ ಕೂತು, "ಟೈಮಾಯ್ತು ನೋಡು" ಎಂದು ಕೂಗಿದ. ಇವತ್ತು ಅವನ ಧ್ವನಿಯಲ್ಲಿ ಹುರುಪಿತ್ತು. ಅವಳು ಫ್ರಿಜ್ಜಿನ ಬಾಗಿಲಿನಿಂದ, ಹಾಲಿನ ಪ್ಯಾಕೆಟ್ಟಿನ ಪಕ್ಕದಿಂದ, ಸೀಸೆ ತೆಗೆದುಕೊಂಡು ಕೋಣೆಗೆ ಹೋದಳು. ಚುಕ್ಕಿ ಆಗಲೇ ಮಲಗಿ ಅಂಗಿ ಎತ್ತಿದ್ದಳು. ಫ್ಯಾನು ನೋಡುತ್ತಿದ್ದಳು. ಹೊಟ್ಟೆಯ ಮೇಲೆ, ಹೊಕ್ಕುಳಿನ ಎರಡೂ ಕಡೆ, ಆರು ತಿಂಗಳ ಚುಕ್ಕೆಗಳು, ಕೆಲವು ಹಳದಿ, ಕೆಲವು ನೀಲಿ. ಮಡಿಕೆಯ ಅಂಚಿಗೆ ಸೂಜಿ ಹೋದಷ್ಟೇ ಒತ್ತೊತ್ತಾಗಿ.

ಸ್ಪಿರಿಟ್ಟಿನ ಹತ್ತಿಯಿಂದ ಒಂದು ಜಾಗ ಒರೆಸಿದಳು. ಚರ್ಮ ತಣ್ಣಗಾಗಿ ಹೊಟ್ಟೆ ಒಳಕ್ಕೆ ಸೆಳೆದುಕೊಂಡಿತು, ದಿನಾ ಆಗುವ ಹಾಗೆ. ಅವಳು ಆರುವ ತನಕ ಕಾದಳು. ಸಿರಿಂಜಿನ ಮುಚ್ಚಳ ತೆಗೆಯಲಿಲ್ಲ.

ಸೋಮವಾರ ಚುಕ್ಕಿಯ ಜೊತೆ ತಾನೊಬ್ಬಳೇ ಆಸ್ಪತ್ರೆಗೆ ಹೋಗುವುದು. ಉಳಿದ ಸೀಸೆಗಳನ್ನೆಲ್ಲ ಡಬ್ಬಿಯಲ್ಲಿ ಹಾಕಿಕೊಂಡು ಹೋಗುವುದು. ನರ್ಸು ಗೋಡೆಗೆ ನಿಲ್ಲಿಸುವ ಮೊದಲು, ಆ ಸಾಲು ಇರುವ ಹಾಳೆ ತೆರೆದು ಬೆರಳಿಟ್ಟು ತೋರಿಸುವುದು. ಯಾಕೆ ಎಂದು ಅವರು ಕೇಳುವುದಿಲ್ಲ. ಮನೆಯಲ್ಲಿ ಕೇಳುತ್ತಾರೆ, ಎಷ್ಟೋ ವರ್ಷ ಕೇಳುತ್ತಾರೆ. ಅವರಿಗೆ ಹೇಳಲು ಒಂದು ಸುಳ್ಳನ್ನೂ ಅವಳು ಹುಡುಕಿಕೊಳ್ಳಲಿಲ್ಲ, ಒಂದು ನಿಜವನ್ನೂ.

ಮಗಳ ಅಂಗಿಯನ್ನು ಕೆಳಗೆ ಎಳೆದು ಹೊಟ್ಟೆ ಮುಚ್ಚಿದಳು. "ಹೋಗು, ಕೈ ತೊಳ್ಕೋ. ಊಟಕ್ಕೆ ಹಾಕ್ತೀನಿ."

ಚುಕ್ಕಿ ಒಂದು ಕ್ಷಣ ಹಾಗೇ ಮಲಗಿದ್ದಳು. ಆಮೇಲೆ ಎದ್ದು, ಉದ್ದದ ಸ್ಕರ್ಟನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದುಕೊಂಡು, ಸದ್ದಾಗದಂತೆ ಹೋದಳು.

ಅವಳು ಅಡುಗೆಮನೆಗೆ ಬಂದು ಸೀಸೆಯನ್ನು ಇದ್ದಲ್ಲಿಗೆ ಇಟ್ಟಳು. ಫ್ರಿಜ್ಜಿನ ಬಾಗಿಲಿಗೆ ಆಸ್ಪತ್ರೆಯವರ ತಿಂಗಳ ಪಟ್ಟಿ ಅಂಟಿಸಿತ್ತು, ದಿನಕ್ಕೊಂದು ಚೌಕ, ದಾರ ಕಟ್ಟಿದ ಪೆನ್ನು. ಪೆನ್ನು ಕೈಗೆ ತೆಗೆದುಕೊಂಡು, ಇವತ್ತಿನ ಚೌಕದ ಮುಂದೆ ನಿಂತು, ಮತ್ತೆ ಬಿಟ್ಟಳು. ಪೆನ್ನು ದಾರದಲ್ಲಿ ತೂಗಾಡಿ ನಿಂತಿತು.

"ಆಯ್ತಾ?" ನಡುಮನೆಯಿಂದ ಗಂಡ ಕೇಳಿದ.

"ಆಯ್ತು" ಎಂದಳು.